ಪಂಚಾಕ್ಷರಯ್ಯನ ಮೊಹರು

ಅರಸೀಕೆರೆ ಜಂಕ್ಷನ್ನಿನ ಅಂಚೆ ವಿಂಗಡಣೆಯಲ್ಲಿ
ಮೂವತ್ತನಾಲ್ಕು ವರ್ಷ ತಾರೀಖು ಕುಟ್ಟಿದ ಕೈ.
ಧಪ್, ಧಪ್, ಮಸಿಮೆತ್ತೆ, ಧಪ್.
ಉಳಿದವರ ಮಣಿಕಟ್ಟು ಮಧ್ಯಾಹ್ನಕ್ಕೇ ಊದುತ್ತಿತ್ತಂತೆ.
ಇವರು ಮಾತ್ರ ಕೊನೆಯ ಚೀಲ ಗಾಡಿಗೆ ಹೋದ ಮೇಲೂ
ಚಿಟಿಕೆ ನಶ್ಯ ಹಿಡಿದರೆ
ಒಂದು ಕಣ ಕೆಳಗೆ ಬೀಳುತ್ತಿರಲಿಲ್ಲ.

'ಕೈಯಲ್ಲಿ ಕುಟ್ಟಿದರೆ ತಾನೆ ಕೈ ನೋಯೋದು?'

ಕಲಿತದ್ದು ಕಲ್ಕತ್ತದಲ್ಲಿ, ಸೇನೆಯ ಅಂಚೆಗೆ ಹಾಕಿದ್ದಾಗ,
ಚುಂಗ್ ಎಂಬ ಹಲ್ಲು ಕೀಳುವ ಡಾಕ್ಟರ ಹತ್ತಿರ.
ಇಕ್ಕಳ ಹಿಡಿದು ನಿಂತ ಆತನ ತೋಳು
ಅಲ್ಲಾಡಿದ್ದನ್ನು ಯಾರೂ ಕಂಡವರಿಲ್ಲ;
ದವಡೆ ಹಲ್ಲು ತಟ್ಟೆಯಲ್ಲಿ ಟಣ್ ಅಂದಾಗಲೇ ರೋಗಿಗೆ ತಿಳಿಯುವುದು.
ಬೆಳಗಿನ ಜಾವ ಅದೇ ಆಸಾಮಿ ತಾರಸಿಯ ಮೇಲೆ
ನಾಲ್ಕು ಜನಕ್ಕೆ ಗುದ್ದು ಕಲಿಸುತ್ತಿದ್ದ.

ನಾನು ಕೊಬ್ಬರಿ ಮಂಡಿಯವಳು.
ವರ್ಷ ಅಟ್ಟದಲ್ಲಿ ಒಣಗಿದ ಕಾಯಿ ಕುಲುಕಿದರೆ
ಒಳಗೆ ಉಂಡೆ ಲೊಟಲೊಟ ಅನ್ನುತ್ತೆ.
ಚಿಪ್ಪು ಒಡೆಯಬೇಕು, ಉಂಡೆಗೆ ಗೀರು ಬೀಳಬಾರದು,
ಗೀರು ಬಿದ್ದರೆ ದರ ಬಿತ್ತು.
ಹನ್ನೊಂದು ವರ್ಷ ಒಡೆದು ಮೊಣಕೈ ಕೆಟ್ಟಿತ್ತು.
ಆಸ್ಪತ್ರೆಯ ಮುಲಾಮು ಮುಗಿದ ವಾರ
ಯಾರೋ ಅಂದರು, ಗೂಡ್ಸ್ ಶೆಡ್ಡಿನ ಹಿಂದೆ
ಬೇವಿನ ಮರದ ಕೆಳಗೆ ಒಬ್ಬ ಮುದುಕ ಇದ್ದಾನೆ, ಹೋಗು.

ಹೋದೆ. ಆರು ತಿಂಗಳು ಬರೀ ನಿಲ್ಲಿಸಿದರು.
ಇಲ್ಲದ ಮರವನ್ನು ತಬ್ಬಿಕೊಂಡು, ಮಂಡಿ ಸಡಿಲಿಸಿ.
ಹಳಿಯ ಮೇಲೆ ಹೋಗುವವರೆಲ್ಲ ನಕ್ಕರು.
ಹುಬ್ಬಳ್ಳಿ ಕಡೆಯ ಗಾಡಿ ಬಂದರೆ
ನೆಲದ ನಡುಕ ಪಾದದಿಂದ ಸೊಂಟಕ್ಕೆ ಹತ್ತುತ್ತಿತ್ತು.
'ಹಾಂ, ಆ ದಾರೀನ ನೆನಪಿಟ್ಕೊ. ಪೆಟ್ಟೂ ಅದೇ ದಾರೀಲಿ ಬರ್ತದೆ.
ಮುಷ್ಟಿ ಕೊನೇ ನಿಲ್ದಾಣ.'

ಆಮೇಲೆ ಒಂದೇ ಗುದ್ದು. ಗೇಣು ದೂರವೂ ಇಲ್ಲ.
ನೆಂದ ನಾಯಿ ಮೈ ಕೊಡವಿದ ಹಾಗೆ
ಇಡೀ ಮೈ ಒಂದು ಸಲ, ಅಷ್ಟೇ.
ಭುಜ ಬಿಗಿದರೆ ಕಡ್ಡಿಯಲ್ಲಿ ಚುಚ್ಚುತ್ತಿದ್ದರು.
'ಬಲ ಬೇರೆ, ಕಸುವು ಬೇರೆ ಕಣಮ್ಮ.
ಬಲ ನಿನ್ನಲ್ಲೇ ತಡಕೊಂಡು ನಿಲ್ತದೆ,
ವಿಳಾಸ ತಪ್ಪಿದ ಕಾಗದ ವಾಪಸ್ ಬಂದ ಹಾಗೆ
ಮೊಣಕೈಗೇ ಬರ್ತದೆ.'
ಎದೆಗೆ ತಲೆದಿಂಬು ಹಿಡಿದು ನಿಂತರು, ಹೊಡಿ ಅಂದರು.
ಹೊಡೆದೆ. ದಿಂಬು ಅಲ್ಲಾಡಲಿಲ್ಲ.
ಅವರು ಮಾತ್ರ ಕೆಮ್ಮಿದರು, ಖುಷಿಯಿಂದ.
'ಮಂಡೀಲಿ ಚಿಪ್ಪು ಒಡೀತೀಯ, ಉಂಡೆ ಉಳಿಸ್ತೀಯ.
ಇಲ್ಲಿ ಉಲ್ಟಾ.'

ಮಂಗಳವಾರ. ಹರಾಜು ಮುಗಿದಿತ್ತು.
ತೂಕದ ಮರುಳಪ್ಪ ಚೀಟಿ ಕೊಡುವ ನೆಪದಲ್ಲಿ
ಕೈ ನನ್ನ ಸೊಂಟದ ಮೇಲಿಟ್ಟ; ಮೊದಲ ಸಲವೇನಲ್ಲ.
ಏನು ಮಾಡಿದೆನೋ.
ಅವನು ಚೀಲಗಳ ಮೇಲೆ ಮೆಲ್ಲಗೆ ಕೂತ,
ಯಾರೋ ಕೂರು ಅಂದ ಹಾಗೆ.
ಸದ್ದಿಲ್ಲ, ಗಾಯವಿಲ್ಲ,
ಶರ್ಟಿನ ಮಡಿಕೆ ಕೂಡ ಕೆಟ್ಟಿರಲಿಲ್ಲ.
ಬಾಯಿ ತೆರೆದು ಗಾಳಿ ಹುಡುಕುತ್ತಿದ್ದ.
ಪಕ್ಕದ ಹಮಾಲಿ ಕೇಳಿದ, 'ಯಾಕ್ರೀ, ಬಿಸಿಲಾ?'

ರಾತ್ರಿ ಅನ್ನ ಸೇರಲಿಲ್ಲ. ಅಂಗೈಯಲ್ಲಿ
ಅವನ ಎದೆಗೂಡಿನ ಒಂದು ನಡುಕ ಉಳಿದುಬಿಟ್ಟಿತ್ತು,
ಸೋಪು ಹಾಕಿ ತೊಳೆದೆ. ಮತ್ತೆ ತೊಳೆದೆ.

ಬೆಳಿಗ್ಗೆ ಎಲ್ಲ ಹೇಳಿದೆ. ಭೇಷ್ ಅನ್ನಲಿಲ್ಲ, ಬೈಯಲಿಲ್ಲ.
'ಹಿಮ್ಮಡಿ ನೆಲದಲ್ಲಿತ್ತಾ?'
'ಗೊತ್ತಿಲ್ಲ ಸಾರ್.'
ನಶ್ಯದ ಡಬ್ಬಿ ಮುಚ್ಚಿದರು. ತುಂಬ ಹೊತ್ತು ಮಾತಿಲ್ಲ.
ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಟೀ ಹುಡುಗ ಕೂಗುತ್ತಿದ್ದ.
'ನಂಗೂ ಒಂದ್ಸಲ ಹಾಗಾಗಿತ್ತು,' ಅಂದರು ಕಡೆಗೆ,
'ಅವನು ಏಳಲಿಲ್ಲ.'
ಯಾರು, ಎಲ್ಲಿ, ಕೇಳಲಿಲ್ಲ ನಾನು.
ನಿಲ್ಲು, ಅಂತ ಸನ್ನೆ ಮಾಡಿದರು.
ನಿಂತೆ, ಇಲ್ಲದ ಮರ ತಬ್ಬಿಕೊಂಡು.
ಗಾಡಿ ಬರುವ ಮೊದಲೇ ಕಾಲಿಗೆ ತಿಳಿಯಿತು.

ಈಗ ಮೊಣಕೈ ನೋಯುವುದಿಲ್ಲ.
ಕಾಯಿ ಒಡೆಯುವ ಮೊದಲು
ಒಂದು ಸಲ ಕಿವಿಯ ಹತ್ತಿರ ಹಿಡಿದು ಕುಲುಕುತ್ತೇನೆ.